ಸಹಾಯ ಬರೋ ತನಕ: ಟೋಂಗಾ ಕಲಿಸಿದ ಪಾಠ

ನಮ್ಮ ಕಡೆ ಪ್ರವಾಹ ಬಂದ್ರೆ ಪಕ್ಕದ ಜಿಲ್ಲೆಯಿಂದ ಲಾರಿಗಳು ಬರುತ್ತವೆ, ದೋಣಿಗಳು ಬರುತ್ತವೆ. ಆದರೆ ಸುತ್ತಲೂ ಬರೀ ಸಮುದ್ರ ಇರೋ ದೇಶಕ್ಕೆ ಯಾರು ಬರ್ತಾರೆ, ಎಷ್ಟು ದಿನಕ್ಕೆ ಬರ್ತಾರೆ? ಇವತ್ತು ಟೋಂಗಾ ದೇಶದ ಉದಾಹರಣೆ ನೋಡೋಣ.

ಟೋಂಗಾ ಇರೋದು ದಕ್ಷಿಣ ಪೆಸಿಫಿಕ್‌ನಲ್ಲಿ. ಸುಮಾರು 170 ದ್ವೀಪಗಳಿದ್ದರೂ ಜನ ವಾಸ ಮಾಡೋದು 36ರಲ್ಲಿ ಮಾತ್ರ. ಜನಸಂಖ್ಯೆ ಸುಮಾರು 1 ಲಕ್ಷ. 2022ರ ಜನವರಿ 15ರ ಸಂಜೆ, ರಾಜಧಾನಿ ನುಕುಅಲೋಫಾದಿಂದ ಸುಮಾರು 65 ಕಿಲೋಮೀಟರ್ ದೂರದ ಸಮುದ್ರದಲ್ಲಿ ಜ್ವಾಲಾಮುಖಿ ಸಿಡಿಯಿತು. ಬೂದಿ 50 ಕಿಲೋಮೀಟರಿಗೂ ಮೇಲಕ್ಕೆ ಹೋಯಿತು. ಕೆಲವು ತೀರಗಳಿಗೆ 15 ಮೀಟರ್ ಎತ್ತರದ ಸುನಾಮಿ ಅಪ್ಪಳಿಸಿತು. ಮಾಂಗೋ ಅನ್ನೋ ಪುಟ್ಟ ದ್ವೀಪದಲ್ಲಿ ಮನೆಗಳೆಲ್ಲ ನೆಲಸಮ. ಇಷ್ಟಾದರೂ ಟೋಂಗಾದಲ್ಲಿ ಸತ್ತವರ ಸಂಖ್ಯೆ ಬೆರಳೆಣಿಕೆಯಷ್ಟೇ.

ಇದು ಬರೀ ಅದೃಷ್ಟ ಅಲ್ಲ. ಡಿಸೆಂಬರ್‌ನಿಂದಲೇ ಜ್ವಾಲಾಮುಖಿ ಹೊಗೆಯಾಡ್ತಿತ್ತು, ಜನ ಎಚ್ಚರವಾಗಿದ್ದರು. ಭಾರಿ ಸದ್ದು ಕೇಳಿದರೆ, ಸಮುದ್ರ ಹಿಂದೆ ಸರಿದರೆ, ಸೈರನ್‌ಗೆ ಕಾಯದೆ ಎತ್ತರದ ಜಾಗಕ್ಕೆ ಓಡಬೇಕು. ಕರಾವಳಿಯಲ್ಲಿ ಜೀವ ಉಳಿಸೋ ಮೊದಲ ಪಾಠ ಇದೇ.

ಎರಡನೆಯದು ದಾಸ್ತಾನು. ವಿಪತ್ತು ಬಂದ ಮೇಲೆ ದ್ವೀಪದಿಂದ ದ್ವೀಪಕ್ಕೆ ಸಾಮಾನು ಸಾಗಿಸೋದು ಕಷ್ಟ. ಅದಕ್ಕೇ ಟೋಂಗಾದ ರೆಡ್ ಕ್ರಾಸ್ ಸುಮಾರು 1,200 ಕುಟುಂಬಗಳಿಗೆ ಸಾಕಾಗೋಷ್ಟು ಪರಿಹಾರ ಸಾಮಗ್ರಿಯನ್ನು ಮೊದಲೇ ದೇಶದೊಳಗೆ ಇಟ್ಟಿತ್ತು.

ಮೂರನೆಯದು ನೀರು. ಅಲ್ಲಿ ಬಹಳ ಮನೆಗಳು ಕುಡಿಯೋಕೆ ಮಳೆನೀರನ್ನೇ ನಂಬಿವೆ. ಚಾವಣಿ ಮೇಲೆ ಬೂದಿ ಬಿದ್ದರೆ ಅದು ಸೀದಾ ತೊಟ್ಟಿಗೆ ಇಳಿಯುತ್ತೆ. ಹಾಗಾಗಿ ಬೂದಿ ಬೀಳೋ ಮುಂಚೆಯೇ ಚಾವಣಿಯಿಂದ ಬರೋ ಪೈಪನ್ನು ತೊಟ್ಟಿಯಿಂದ ಬಿಚ್ಚಬೇಕು. ಎರಡು ನಿಮಿಷದ ಕೆಲಸ, ಆದರೆ ಮುಂದಿನ ಎಷ್ಟೋ ದಿನದ ನೀರು ಅದರಿಂದ ಉಳಿಯುತ್ತೆ.

ಇನ್ನು ಹೊರಗಿನ ಸಹಾಯ. ಪೆಸಿಫಿಕ್ ದ್ವೀಪಗಳಿಗೆ ನೆರವು ಹೊಂದಿಸೋಕೆ ಫ್ರಾನ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ 1992ರಲ್ಲೇ ಒಪ್ಪಂದ ಮಾಡಿಕೊಂಡಿವೆ. ಆದರೆ ವಿಮಾನ ಇಳಿಯೋದೆಲ್ಲಿ? ರನ್‌ವೇ ತುಂಬ ಬೂದಿ. ಜನ ಸಲಿಕೆ, ತಳ್ಳುಗಾಡಿ ಹಿಡಿದು ಅದನ್ನು ಬಳಿದು ಹಾಕಿದರು. ಮೊದಲ ವಿಮಾನಗಳು ಇಳಿದಿದ್ದು ಜನವರಿ 20ಕ್ಕೆ. ಅಂದ್ರೆ ಆ ಮೊದಲ ದಿನಗಳನ್ನು ದೇಶ ತನ್ನ ಕೈಲಿದ್ದದ್ದರಲ್ಲೇ ಕಳೆಯಿತು. ಆಗ ಟೋಂಗಾದೊಳಗೆ ಕೋವಿಡ್ ಹರಡಿರಲಿಲ್ಲ. ಸೋಂಕು ಬರದಿರಲಿ ಅಂತ, ಬಂದ ಸಾಮಾನನ್ನು 72 ಗಂಟೆ ಮುಟ್ಟದೆ ಇಟ್ಟು ಆಮೇಲೆ ಹಂಚೋ ನಿಯಮ ಮಾಡಿದರು.

ಸೋತಿದ್ದು ಸಂಪರ್ಕದಲ್ಲಿ. ಹೊರಜಗತ್ತಿಗೆ ಇದ್ದಿದ್ದು ಫಿಜಿಗೆ ಹೋಗೋ ಒಂದೇ ಒಂದು ಸಮುದ್ರದಡಿಯ ಕೇಬಲ್. ಅದು ತುಂಡಾಯಿತು, ಸರಿಯಾಗೋಕೆ ಸುಮಾರು 5 ವಾರ ಬೇಕಾಯಿತು. ಉಳಿದಿದ್ದು ಕೆಲವು ಸ್ಯಾಟಲೈಟ್ ಫೋನುಗಳು. ಆಕ್ಲೆಂಡ್, ಸಿಡ್ನಿಯಲ್ಲಿದ್ದ ಟೋಂಗಾದವರಿಗೆ ಅಪ್ಪ ಅಮ್ಮ ಬದುಕಿದ್ದಾರಾ ಅನ್ನೋದೂ ತಿಳೀಲಿಲ್ಲ. ಊರಿಂದ ದೂರ ಇರೋ ನಮಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ವಿದೇಶದಿಂದ ಬರೋ ಹಣವೇ ಅಲ್ಲಿನ ಎಷ್ಟೋ ಮನೆಗಳಿಗೆ ಆಧಾರ. ಕೇಬಲ್ ಹೋದಾಗ ಆ ಹಣ ಕಳಿಸೋ ದಾರಿಗೂ ಪೆಟ್ಟು ಬಿತ್ತು.

ಹಾಗಾದ್ರೆ ದ್ವೀಪ ರಾಷ್ಟ್ರದ ಸಿದ್ಧತೆ ಅಂದ್ರೆ ಏನು? ಎಷ್ಟು ಸಹಾಯ ಬರುತ್ತೆ ಅನ್ನೋದಕ್ಕಿಂತ, ಬರೋ ತನಕ ನೀರು, ಸಾಮಗ್ರಿ, ಮಾತು ಈ ಮೂರೂ ನಿಲ್ಲದ ಹಾಗೆ ನೋಡಿಕೊಳ್ಳೋದು. ಮೊದಲೆರಡಕ್ಕೆ ಟೋಂಗಾ ದಾರಿ ಕಂಡುಕೊಂಡಿತ್ತು. ಮೂರನೆಯದಕ್ಕೆ ಎರಡನೇ ದಾರಿಯೇ ಇರಲಿಲ್ಲ. ಯಾವುದು ಒಂದೇ ಇದೆಯೋ, ಮೊದಲು ಅದಕ್ಕೊಂದು ಜೊತೆ ಹುಡುಕಬೇಕು.