ಪೆಟ್ರೋಲಿನ ಅಳತೆಯೂ ವಾರಂಟಿಯ ಪ್ರಶ್ನೆಯೂ

ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಹಿಂದಿನ ಮೋಟಾರ್ ಸೈಕಲ್ಲುಗಳಲ್ಲಿ ಇವೆರಡನ್ನೂ ಬೆರಸುವ ಕೆಲಸ ಕಾರ್ಬುರೇಟರಿನದಾಗಿತ್ತು. ಈಗ ಪೆಟ್ರೋಲನ್ನು ಇಂಜೆಕ್ಟರು ಚಿಮ್ಮಿಸುತ್ತದೆ. ಅದರ ಬಾಯಿ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ವಿದ್ಯುನ್ಮಾನ ನಿಯಂತ್ರಕವು ನಿರ್ಧರಿಸುತ್ತದೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದ ಮೇಲೆ ನಮ್ಮ ದೇಶದ ಹೊಸ ಬೈಕುಗಳಲ್ಲಿಯೂ ಬಹುಮಟ್ಟಿಗೆ ಇದೇ ಏರ್ಪಾಡು ಉಂಟು.

ಇಂಜಿನು ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆಯೆಂದು ಭಾವಿಸೋಣ. ಸೆಕೆಂಡಿಗೆ 100 ಸುತ್ತಾಯಿತು. ಫೋರ್-ಸ್ಟ್ರೋಕ್ ಇಂಜಿನಿನ ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಪೆಟ್ರೋಲು ಬೇಕಾದುದರಿಂದ ಪ್ರತಿ ಆವರ್ತಕ್ಕೆ ದೊರೆಯುವ ಕಾಲ 20 ಮಿಲಿಸೆಕೆಂಡು ಮಾತ್ರ. ಅದರಲ್ಲಿ ಇಂಜೆಕ್ಟರು 5 ಮಿಲಿಸೆಕೆಂಡು ತೆರೆದಿರಲಿ. ಫ್ಯೂಯೆಲ್ ಟ್ಯೂನರ್ ಎಂಬ ಸಲಕರಣೆಯನ್ನು ನಡುವೆ ಜೋಡಿಸಿ ಈ ಅವಧಿಯನ್ನು 5.5 ಮಿಲಿಸೆಕೆಂಡಿಗೆ ಹಿಗ್ಗಿಸಿದರೆ, ಸ್ಥೂಲವಾಗಿ ಹತ್ತರಲ್ಲೊಂದು ಪಾಲು ಪೆಟ್ರೋಲು ಹೆಚ್ಚುತ್ತದೆ. ಗಾಳಿಯ ಪ್ರಮಾಣ 14.7ರಿಂದ ಸುಮಾರು 13.4ಕ್ಕೆ ಇಳಿಯುತ್ತದೆ.

ಇಂಥ ಬೆರಕೆಯಿಂದ ಶಕ್ತಿ ತುಸು ಹೆಚ್ಚುವುದು ನಿಜ. ಆದರೆ ಆಮ್ಲಜನಕ ಸಾಲದೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು ಹೆಚ್ಚುತ್ತದೆ. ಪೆಟ್ರೋಲು ಅತಿಯಾದರೆ ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆ ತೊಳೆದುಹೋಗಿ ಪಿಸ್ಟನ್ ಉಂಗುರಗಳು ಸವೆಯುತ್ತವೆ. ಭಾರ ಎಳೆಯುವಾಗ ಪೆಟ್ರೋಲು ಕಡಿಮೆಯಾದರೆ ಪಿಸ್ಟನ್ನೇ ಸುಟ್ಟೀತು.

ಹಾಗಾದರೆ ಟ್ಯೂನರ್ ಜೋಡಿಸಿದ ಮಾತ್ರಕ್ಕೆ ವಾರಂಟಿ ಹೋಗುವುದೇ? ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾನೂನಿನ ಪ್ರಕಾರ, ತನ್ನದೇ ಬಿಡಿಭಾಗಗಳನ್ನು ಕೊಂಡು ಬಳಸಬೇಕೆಂದು ತಯಾರಕನು ಸಾಮಾನ್ಯವಾಗಿ ಷರತ್ತು ಹಾಕುವಂತಿಲ್ಲ. ಟ್ಯೂನರ್ ಇರುವ ಬೈಕಿನ ಚಕ್ರದ ಬೇರಿಂಗ್ ಕೆಟ್ಟರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಪಿಸ್ಟನ್ ಸುಟ್ಟರೆ ಸಂಬಂಧವಿರಬಹುದು. ಆದರೆ ಹಾನಿಗೆ ಟ್ಯೂನರೇ ಕಾರಣವೆಂದು ತೋರಿಸುವ ಹೊಣೆ ಕಂಪನಿಯದು. ಹೊರಗಿನ ಭಾಗಗಳನ್ನು ಬಳಸಿದರೆ ವಾರಂಟಿ ರದ್ದಾಗುವುದೆಂಬ ಷರತ್ತುಗಳಿಗಾಗಿ 2022ರಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ನು ಹಾರ್ಲೆ-ಡೇವಿಡ್‌ಸನ್ ಕಂಪನಿಯ ಮೇಲೆ ಕ್ರಮ ಕೈಗೊಂಡಿತು.

ವಾರಂಟಿಯ ಪ್ರಶ್ನೆಯೇ ಬೇರೆ, ಹೊಗೆಯ ಪ್ರಶ್ನೆಯೇ ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು. ಅದೇ ಕಂಪನಿಯು ತಾನೇ ಮಾರಿದ ಸುಮಾರು 3,40,000 ಟ್ಯೂನರುಗಳು ಹೊಗೆಯ ಮಿತಿಯನ್ನು ಮೀರಿಸುತ್ತವೆಂದು ಅಮೆರಿಕದ ಸರಕಾರವು ಆರೋಪಿಸಿತ್ತು. 2016ರ ಒಪ್ಪಂದದಂತೆ ಕಂಪನಿಯು 120 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು. ವಾರಂಟಿ ಉಳಿದ ಮಾತ್ರಕ್ಕೆ ಟ್ಯೂನರ್ ನಿಯಮಬದ್ಧವೆಂದು ತಿಳಿಯಬಾರದೆಂಬುದಕ್ಕೆ ಇದೇ ನಿದರ್ಶನ.

ಇವೆಲ್ಲ ಅಮೆರಿಕದ ಕಾನೂನುಗಳು. ಬೇರೆ ದೇಶಗಳ ಕಾನೂನುಗಳೂ ಷರತ್ತುಗಳೂ ಬೇರೆ. ಆದುದರಿಂದ ಬೈಕನ್ನು ಬದಲಾಯಿಸುವ ಮೊದಲು ವಾರಂಟಿ ಪತ್ರವನ್ನು ಓದತಕ್ಕದ್ದು. ತೆಗೆದ ಮೂಲ ಭಾಗಗಳನ್ನು ಕಾಪಾಡಿಕೊಂಡು, ಜೋಡಿಸಿದ ದಿನಾಂಕವನ್ನೂ ಓಡಿದ ಕಿಲೊಮೀಟರುಗಳನ್ನೂ ಬರೆದಿಡತಕ್ಕದ್ದು. ಒಂದರ ಅನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆನ್ನಲಾಗದೆಂದು ನಾವು ಪ್ರಯೋಗಶಾಲೆಯಲ್ಲಿ ಕಲಿಯುತ್ತೇವೆ. ಕೆಟ್ಟ ಇಂಜಿನಿನ ಮುಂದೆ ನಿಂತಾಗ ಬೈಕಿನ ಒಡೆಯನೂ ಕಂಪನಿಯೂ ನೆನೆಯಬೇಕಾದ ಪಾಠವೂ ಇದೇ.