ಹಿತ್ತಾಳೆಯ ದೀಪವೂ ಅರಿವಿನ ಜ್ಯೋತಿಯೂ

ಸಂಜೆಯಾದೊಡನೆ ದೇವರ ಜಗುಲಿಯ ಮುಂದೆ ದೀಪವನ್ನು ಹೊತ್ತಿಸುವುದು ಕನ್ನಡ ನಾಡಿನ ಮನೆಮನೆಗಳಲ್ಲಿ ಬಹು ಹಿಂದಿನಿಂದ ನಡೆದುಬಂದ ಸದಾಚಾರ. ಲಿಂಗವಂತರ ಮನೆಗಳಲ್ಲಿಯೂ ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುವ ಮುನ್ನ ದೀಪವನ್ನು ಬೆಳಗುವರು. ಕಾರ್ತಿಕಮಾಸದಲ್ಲಿಯಂತೂ ಮಠಗಳೂ ಗುಡಿಗಳೂ ದೀಪಗಳ ಸಾಲಿನಿಂದ ಶೋಭಿಸುವುವು. ಹಿಂದೆ ದೀಪವಿಲ್ಲದಿದ್ದರೆ ಪೂಜೆಯ ಸ್ಥಳವೇ ಕಾಣುತ್ತಿರಲಿಲ್ಲ. ಈಗ ಗುಂಡಿಯೊತ್ತಿದರೆ ಮನೆಯೆಲ್ಲ ಬೆಳಕಾಗುವುದು. ಹೀಗಿದ್ದೂ ಎಣ್ಣೆಯ ದೀಪವನ್ನು ಏಕೆ ಹೊತ್ತಿಸಬೇಕು? ವಸ್ತುಗಳನ್ನು ಕಣ್ಣಿಗೆ ತೋರಿಸುವುದೊಂದೇ ಅದರ ಕೆಲಸವಾಗಿದ್ದರೆ ಅದು ಎಂದೋ ಮೂಲೆ ಸೇರಬೇಕಾಗಿತ್ತು. ಸೇರಿಲ್ಲವೆಂದ ಮೇಲೆ ಅದರ ಕೆಲಸ ಬೇರೊಂದಿರಬೇಕು. ಅದನ್ನು ಅರಿಯದೆ ಹೊತ್ತಿಸಿದ ದೀಪ ರೂಢಿ. ಅರಿತು ಹೊತ್ತಿಸಿದ ದೀಪ ಸಾಧನೆ.

ಹೆಸರು ಮತ್ತು ಲೋಹ

'ದೀಪ' ಎಂಬುದು ಬೆಳಗು ಎಂಬ ಅರ್ಥವುಳ್ಳ 'ದೀಪ್' ಧಾತುವಿನಿಂದ ಬಂದ ಸಂಸ್ಕೃತ ಶಬ್ದ. 'ದೀಪಿಕಾ' ಎಂಬುದರ ತದ್ಭವವೇ 'ದೀವಿಗೆ'. 'ಸೊಡರು' ಎಂಬುದು ಅಚ್ಚ ದೇಶ್ಯ. ಶಿಲಾಶಾಸನಗಳಲ್ಲಿ 'ನಂದಾದೀವಿಗೆ' ಎಂಬ ಮಾತು ಹಲವೆಡೆ ದೊರೆಯುವುದು. ನಂದದ ದೀಪವೇ ನಂದಾದೀಪ. ಅದು ನಂದದಂತೆ ನೋಡಿಕೊಳ್ಳುವುದಕ್ಕಾಗಿ ಊರಿನ ಗಾಣಗಳಿಂದ ಎಣ್ಣೆಯನ್ನು ಬಿಟ್ಟುಕೊಟ್ಟ ದಾನಗಳು ಶಾಸನಗಳಲ್ಲಿ ದಾಖಲೆಯಾಗಿವೆ. ಅರಸನು ಗುಡಿಯನ್ನು ಕಟ್ಟಿಸಬಹುದು. ಆದರೆ ಅದರೊಳಗಣ ಬೆಳಕು ನಿಲ್ಲುವುದು ದುಡಿಯುವವರ ಎಣ್ಣೆಯಿಂದ ಎಂಬ ಸತ್ಯವನ್ನು ಆ ಕಲ್ಲುಗಳು ಸಾರುತ್ತಿವೆ.

ಮಣ್ಣಿನ ಹಣತೆ ಎಲ್ಲಕ್ಕಿಂತ ಸುಲಭವಾದ ದೀಪ. ಆದರೆ ಅದು ಎಣ್ಣೆಯನ್ನು ಹೀರುವುದು, ಬಿದ್ದರೆ ಒಡೆಯುವುದು. ಹಿತ್ತಾಳೆಯ ದೀಪವಾದರೋ ತಲೆಮಾರುಗಳ ಕಾಲ ಬಾಳುವುದು. ಹಿತ್ತಾಳೆಯನ್ನು ಸಂಸ್ಕೃತದಲ್ಲಿ ಆರಕೂಟ, ರೀತಿ, ಪಿತ್ತಲ ಎಂದು ಕರೆಯುವರು. ತಾಮ್ರಕ್ಕೆ ಸತುವು ಕೂಡಿದರೆ ಹಿತ್ತಾಳೆ. ತವರ ಕೂಡಿದರೆ ಕಂಚು. ಹೊಸತಾಗಿ ಉಜ್ಜಿದ ಹಿತ್ತಾಳೆ ಹೊನ್ನಿನಂತೆ ಹೊಳೆಯುವುದು, ಆದರೆ ಅದು ಹೊನ್ನಲ್ಲ. ಹೊನ್ನು ಗಾಳಿಗೆ ಕಂದುವುದಿಲ್ಲ. ಹಿತ್ತಾಳೆ ನಾಲ್ಕು ದಿನ ಬಿಟ್ಟರೆ ಮಸುಕಾಗುವುದು, ಇನ್ನೂ ಬಿಟ್ಟರೆ ಕಿಲುಬು ಹಿಡಿಯುವುದು. ಯಾರೂ ಅದಕ್ಕೆ ಮಸಿ ಬಳಿಯಬೇಕಾಗಿಲ್ಲ. ಸುಮ್ಮನೆ ಇಟ್ಟರೆ ಸಾಕು. ಮನುಷ್ಯನ ಮನಸ್ಸೂ ಹೀಗೆಯೇ. ಅದನ್ನು ಕೆಡಿಸಲು ಮಹಾಪಾಪಗಳೇ ಬೇಕಾಗಿಲ್ಲ. ಎಚ್ಚರವಿಲ್ಲದ ನಾಲ್ಕು ದಿನಗಳೇ ಸಾಕು.

ಗೃಹಿಣಿಯು ಹುಣಸೆಹುಳಿಯಿಂದ ದೀಪವನ್ನು ತಿಕ್ಕಿ ತೊಳೆಯುವಾಗ ಹುಳಿಯು ಮೇಲಣ ಮಸುಕನ್ನು ಕರಗಿಸುವುದು, ಒಳಗಿನ ಹೊಳಪು ಹೊರಬರುವುದು. ಹೊಳಪನ್ನು ಹೊರಗಿನಿಂದ ತಂದು ಹಚ್ಚಿದುದಲ್ಲ. ಮೊದಲೇ ಇದ್ದುದು ಕಂಡಿತು, ಅಷ್ಟೆ. ಶರಣರು ಹೇಳುವ ಅರಿವೂ ಹೊರಗಿನಿಂದ ಬರುವ ವಸ್ತುವಲ್ಲ. ಮರವೆ ಹರಿದರೆ ಅರಿವು ತಾನೇ ತೋರುವುದು. ಆದುದರಿಂದ ದೀಪವನ್ನು ತೊಳೆಯುವುದು ಪೂಜೆಗೆ ಮುಂಚಿನ ಚಾಕರಿಯಲ್ಲ. ಪೂಜೆಯ ಮೊದಲನೆಯ ಅಂಗವೇ ಅದು.

ಎಣ್ಣೆ, ಬತ್ತಿ, ಕುಡಿ

ದೀಪದ ಪೀಠ ಅಗಲವಾಗಿ ನೆಲವನ್ನು ಹಿಡಿದು ನಿಲ್ಲುವುದು. ಪೀಠ ಗಟ್ಟಿಯಾಗಿಲ್ಲದಿದ್ದರೆ ಮೇಲಣ ಬೆಳಕು ನಿಲ್ಲದು. ಇದು ಆಚಾರಕ್ಕೆ ಸಂಕೇತ. ನಡುವಣ ಕಂಬ ನೆಟ್ಟಗಿರುವುದು, ಇದು ನಿಷ್ಠೆ. ಮೇಲಣ ಬಟ್ಟಲು ಎಣ್ಣೆಯನ್ನು ಧರಿಸುವ ಪಾತ್ರ, ಇದು ಅಂಗ. ಎಣ್ಣೆಯೇ ಭಕ್ತಿ, ಬತ್ತಿಯೇ ಮನಸ್ಸು, ಕುಡಿಯೇ ಅರಿವು.

ಬತ್ತಿಯ ಎಳೆಗಳ ನಡುವಣ ಸಣ್ಣ ಸಣ್ಣ ಸಂದುಗಳಲ್ಲಿ ಎಣ್ಣೆಯು ತಾನೇ ಮೇಲಕ್ಕೆ ಏರುವುದು. ಕೆಳಗೆ ಹರಿಯುವುದು ದ್ರವದ ಸ್ವಭಾವ. ಬತ್ತಿಯ ಸಂಗದಿಂದ ಅದು ಊರ್ಧ್ವಮುಖವಾಗುವುದು. ತುದಿಯನ್ನು ಮುಟ್ಟಿದ ಎಣ್ಣೆ ಕಾವಿಗೆ ಆವಿಯಾಗಿ, ಆ ಆವಿಯೇ ಉರಿಯುವುದು. ಎಣ್ಣೆ ಇರುವ ತನಕ ಬತ್ತಿ ನಿಧಾನವಾಗಿ ಸವೆಯುವುದು. ಎಣ್ಣೆ ತೀರಿದರೆ ಬತ್ತಿ ತಾನೇ ಸುಟ್ಟು, ಹೊಗೆಯಾಗಿ, ಕಮಟು ನಾತ ಬೀರುವುದು. ಭಕ್ತಿಯಿಲ್ಲದೆ ಬರಿಯ ಬುದ್ಧಿಯಿಂದ ತತ್ತ್ವವಿಚಾರ ಮಾಡುವವನ ಸ್ಥಿತಿ ಇದೇ. ಅವನಲ್ಲಿ ಉರಿಯುಂಟು, ಬೆಳಕಿಲ್ಲ. ಹಾಗೆಯೇ ಬತ್ತಿಯಿಲ್ಲದ ಬಟ್ಟಲಲ್ಲಿ ಎಣ್ಣೆ ತುಂಬಿದ್ದರೂ ಅದು ಬೆಳಗದು. ವಿಚಾರವಿಲ್ಲದ ಭಕ್ತಿ ಮೌಢ್ಯಕ್ಕೆ ಇಳಿಯುವುದು. ಎರಡೂ ಕೂಡಿರಬೇಕು.

ಬತ್ತಿಯ ತುದಿ ಕರಿಗಟ್ಟಿದಾಗ ಅದನ್ನು ಚಿವುಟಿ, ಬತ್ತಿಯನ್ನು ತುಸು ಮುಂದಕ್ಕೆ ನೂಕುವರು. ನಿನ್ನೆ ಬೆಳಗಿದ ತುದಿಯೇ ಇಂದು ಬೆಳಕಿಗೆ ಅಡ್ಡಿಯಾಗುವುದು. 'ಇಷ್ಟು ಪೂಜೆ ಮಾಡಿದೆ, ಇಷ್ಟು ದಾನ ಕೊಟ್ಟೆ' ಎಂಬ ಅಹಂಭಾವ ಇಂಥ ಕರಿಯೇ ಸರಿ. ಮಾಡಿದ ಸತ್ಕಾರ್ಯದ ನೆನಪನ್ನೂ ಚಿವುಟಿ ಹಾಕಿದವನಲ್ಲಿ ಭಕ್ತಿ ಶುಭ್ರವಾಗಿ ಉರಿಯುವುದು.

ಇನ್ನೊಂದು ವಿಶೇಷವುಂಟು. ಎಣ್ಣೆ, ಬತ್ತಿ, ಬಟ್ಟಲು ಎಲ್ಲವೂ ಸಿದ್ಧವಾಗಿದ್ದರೂ ದೀಪ ತಾನಾಗಿ ಹೊತ್ತದು. ಉರಿಯುವ ಬೇರೊಂದು ಕುಡಿಯು ಅದನ್ನು ಮುಟ್ಟಬೇಕು. ಇದೇ ಗುರುಕಾರುಣ್ಯ. ಒಂದು ದೀಪದಿಂದ ನೂರು ದೀಪ ಹೊತ್ತಿಸಿದರೂ ಮೊದಲಿನದು ಕುಂದುವುದಿಲ್ಲ. ಹೊತ್ತಿದ ಬಳಿಕ ಯಾವ ಕುಡಿ ಹಿರಿದು, ಯಾವುದು ಕಿರಿದು ಎಂದು ವಿಂಗಡಿಸಲೂ ಆಗದು.

ಇಷ್ಟಲಿಂಗಪೂಜೆಯಲ್ಲಿ ದೀಪದ ಸ್ಥಾನ

ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಇವು ಅಷ್ಟಾವರಣಗಳು. ಇವುಗಳಲ್ಲಿ ದೀಪ ಸೇರಿಲ್ಲವೆಂಬುದನ್ನು ಸದ್ಭಕ್ತರು ಗಮನಿಸಬೇಕು. ದೀಪವು ಪೂಜಾವಸ್ತುವಲ್ಲ, ಪೂಜಾಸಾಧನ. ಅದು ದೇವರಲ್ಲ, ದೇವರಿಗೆ ಅರ್ಪಿಸುವ ಪದಾರ್ಥ.

ಅರ್ಪಣದ ಕ್ರಮವನ್ನು ಷಟ್‌ಸ್ಥಲಶಾಸ್ತ್ರವು ಸ್ಪಷ್ಟವಾಗಿ ಹೇಳಿದೆ. ಗಂಧವು ಘ್ರಾಣದ ಮುಖದಿಂದ ಆಚಾರಲಿಂಗಕ್ಕೆ, ರಸವು ಜಿಹ್ವೆಯ ಮುಖದಿಂದ ಗುರುಲಿಂಗಕ್ಕೆ, ರೂಪವು ನೇತ್ರದ ಮುಖದಿಂದ ಶಿವಲಿಂಗಕ್ಕೆ ಅರ್ಪಿತವಾಗುವುವು. ಶಿವಲಿಂಗಕ್ಕೆ ಸಂಬಂಧಿಸಿದ ತತ್ತ್ವ ಅಗ್ನಿ. ಅದರ ಸ್ಥಲ ಪ್ರಸಾದಿ. ಆದುದರಿಂದ ದೀಪವನ್ನು ಬೆಳಗುವುದೆಂದರೆ ಕಣ್ಣು ಕಂಡುದೆಲ್ಲವನ್ನೂ ಶಿವನಿಗೆ ಒಪ್ಪಿಸುವುದು. ಹಗಲೆಲ್ಲ ಪರಧನವನ್ನು ಆಸೆಯಿಂದ ನೋಡಿದ ಕಣ್ಣು ಸಂಜೆ ದೀಪವನ್ನು ನೋಡಿದ ಮಾತ್ರದಿಂದ ಅರ್ಪಣ ನೆರವೇರಲಾರದು. ಕರಸ್ಥಲದ ಲಿಂಗದ ಕರಿಯ ಕವಚದಲ್ಲಿ ದೀಪದ ಬಿಂಬವು ಸಣ್ಣ ಚುಕ್ಕೆಯಾಗಿ ತೋರುವುದು. ಅದರಲ್ಲಿ ದೃಷ್ಟಿಯನ್ನು ನಿಲಿಸುವುದೇ ದೃಷ್ಟಿಯೋಗದ ಅಭ್ಯಾಸ. ಹೊರಗಿನ ಬೆಳಕು ಲಿಂಗದಲ್ಲಿ ಕಂಡು, ಲಿಂಗದ ಬೆಳಕು ಒಳಗೆ ಮೂಡುವುದು ಇದರ ಗುರಿ.

ಪುರಾತನರ ನಿದರ್ಶನ

ಅರವತ್ತುಮೂವರು ಪುರಾತನರಲ್ಲಿ ದೀಪಸೇವೆಯಿಂದಲೇ ಹೆಸರಾದವರುಂಟು. ತಿರುವಾರೂರಿನಲ್ಲಿ ನಮಿನಂದಿಯು ದೀಪಕ್ಕೆ ತುಪ್ಪ ಬೇಡಿದಾಗ ನೆರೆಮನೆಯವರು 'ನೀರನ್ನೇ ಹೊಯ್ದು ಹೊತ್ತಿಸು' ಎಂದು ಹಂಗಿಸಿದರು; ಅವನು ಕೊಳದ ನೀರಿನಿಂದಲೇ ದೀಪವನ್ನು ಬೆಳಗಿದನೆಂಬುದು ಐತಿಹ್ಯ. ತಿರುವೊತ್ತಿಯೂರಿನ ಎಣ್ಣೆಯ ವ್ಯಾಪಾರಿಯಾದ ಕಲಿಯ ನಾಯನಾರನು ಐಶ್ವರ್ಯವೆಲ್ಲ ತೀರಿದ ಬಳಿಕ ಪರರ ಗಾಣದಲ್ಲಿ ಕೂಲಿ ಮಾಡಿ ದೀಪ ನಡೆಸಿದನು. ಕೊನೆಗೆ ತನ್ನ ರಕ್ತವನ್ನೇ ಎಣ್ಣೆಯಾಗಿ ಹೊಯ್ಯಲು ಮುಂದಾದಾಗ ಶಿವನು ಅವನ ಕೈಯನ್ನು ಹಿಡಿದು ತಡೆದನು. ಈ 'ತಡೆದನು' ಎಂಬ ಮಾತು ಮುಖ್ಯವಾದುದು. ಶಿವನಿಗೆ ಬೇಕಾದುದು ರಕ್ತವಲ್ಲ, ನಿಷ್ಠೆ.

ಹನ್ನೆರಡನೆಯ ಶತಮಾನದ ಶರಣರು ಈ ನಿಷ್ಠೆಯನ್ನು ಕಾಯಕಕ್ಕೆ ತಂದರು. ಗಾಣದ ಕಣ್ಣಪ್ಪನದು ಎಣ್ಣೆಯ ಕಾಯಕ. ಕದಿರ ರೆಮ್ಮವ್ವೆಯದು ನೂಲಿನ ಕಾಯಕ. ಎಣ್ಣೆಯೂ ನೂಲೂ ಕೂಡಿದಲ್ಲದೆ ದೀಪವಿಲ್ಲ. ಹೀಗೆ ವಿಚಾರಿಸಿದರೆ ದೇವರ ಮುಂದಿನ ಒಂದು ಕುಡಿಯಲ್ಲಿ ಒಕ್ಕಲಿಗ, ಗಾಣಿಗ, ನೂಲುವವಳು, ಕಂಚುಗಾರ ಇವರೆಲ್ಲರ ಬೆವರು ಉರಿಯುತ್ತಿರುವುದು. ಇವರಲ್ಲಿ ಒಬ್ಬನನ್ನಾದರೂ ಕೀಳೆಂದು ಹೊರಗೆ ನಿಲ್ಲಿಸಿ, ಅವನ ದುಡಿಮೆಯ ಫಲವನ್ನು ಮಾತ್ರ ದೇವರ ಮುಂದಿಡುವುದು ಯಾವ ನ್ಯಾಯ?

ದೀಪವನ್ನು ಯಾರು ಹೊತ್ತಿಸಬೇಕು?

ಇಷ್ಟೆಲ್ಲ ಅರ್ಥವನ್ನು ತಿಳಿದೂ ಕೆಲವು ಮನೆಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನು ದೀಪದ ಬಳಿಗೆ ಬಿಡುವುದಿಲ್ಲ. ಆರತಿಯ ಹೊತ್ತಿಗೆ ಅವಳು ಹಿಂದೆ ಸರಿಯಬೇಕು. ಮಗನ ಮದುವೆಯಲ್ಲಿಯೂ ಮೂಲೆಯಲ್ಲಿ ನಿಲ್ಲಬೇಕು. ಅದೇ ದೀಪವನ್ನು ಬೆಳಿಗ್ಗೆ ಹುಣಸೆಹುಳಿ ಹಚ್ಚಿ ತಿಕ್ಕಿ ಹೊಳಪಿಸಿದವಳು ಅವಳೇ ಆಗಿರಬಹುದು! ತಿಕ್ಕುವ ಕೈ ಶುಭ, ಹೊತ್ತಿಸುವಾಗ ಅದೇ ಕೈ ಅಶುಭವೆಂದರೆ ಇದಕ್ಕೆ ಶಾಸ್ತ್ರಾಧಾರವೆಲ್ಲಿ? ಶರಣ ಸತಿ, ಲಿಂಗ ಪತಿ ಎಂಬುದು ವೀರಶೈವದ ಮೂಲಭಾವ. ಲಿಂಗವನ್ನು ಧರಿಸಿದ ಪ್ರತಿಯೊಂದು ಆತ್ಮಕ್ಕೂ ಅಳಿವಿಲ್ಲದ ಲಿಂಗವೇ ಪತಿ. ಅಳಿಯದ ಪತಿಯುಳ್ಳವಳಿಗೆ ಲಿಂಗದ ಸನ್ನಿಧಿಯಲ್ಲಿ ವೈಧವ್ಯವೆಂಬುದು ಸಲ್ಲದ ಮಾತು.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣಧರ್ಮವು ಲಿಂಗವಂತರಿಗೆ ಇಲ್ಲವೆಂದು ನಿರಾಕರಿಸಿದೆ. ಸೂತಕದ ನೆವದಿಂದ ಮನೆಯ ದೀಪವನ್ನು ನಿಲ್ಲಿಸುವವರು ಕತ್ತಲೆಗೆ ತಾವೇ ಬಾಗಿಲು ತೆರೆದಂತಾಯಿತು. ಸಾವು ಬಂದ ಮನೆಗೆ ಬೆಳಕು ಉಳಿದ ದಿನಗಳಿಗಿಂತ ಹೆಚ್ಚಾಗಿ ಬೇಕು.

ಹಾಗೆಯೇ ಪೂಜೆಯ ನಡುವೆ ದೀಪ ಆರಿದರೆ ಅಪಶಕುನವೆಂದು ನಡುಗುವವರುಂಟು. ಗಾಳಿ ಬೀಸಿದರೆ, ಎಣ್ಣೆ ತೀರಿದರೆ, ಬತ್ತಿಯಲ್ಲಿ ನೀರಿನ ಪಸೆಯಿದ್ದರೆ ದೀಪ ಆರುವುದು. ಬತ್ತಿಯನ್ನು ಸರಿಪಡಿಸಿ ಮತ್ತೆ ಹೊತ್ತಿಸಿದರಾಯಿತು. ಇಂತಿಷ್ಟು ಬತ್ತಿ ಹಚ್ಚಿದರೆ ಇಂತಿಷ್ಟು ಫಲವೆಂದು ಲೆಕ್ಕ ಹಾಕುವುದೂ ಭಕ್ತಿಯಲ್ಲ, ವ್ಯಾಪಾರ. ಐದು ಕುಡಿಯ ದೀಪವನ್ನು ಹಚ್ಚುವವರು ಪಂಚಾಕ್ಷರಿಯನ್ನು ನೆನೆಯಲಿ. ಒಂದೇ ಕುಡಿಯನ್ನು ಹಚ್ಚುವವರು ಏಕದೇವನಿಷ್ಠೆಯನ್ನು ನೆನೆಯಲಿ. ಬಡವನ ಮಣ್ಣಿನ ಹಣತೆಗೂ ಸಿರಿವಂತನ ಆಳೆತ್ತರದ ಹಿತ್ತಾಳೆಯ ದೀಪಕ್ಕೂ ಕುಡಿಯಲ್ಲಿ ಭೇದವಿಲ್ಲ.

ಆದುದರಿಂದ ಸದ್ಭಕ್ತರು ದೀಪವನ್ನು ತೊಳೆಯುವಾಗ ಮನಸ್ಸಿನ ಕಿಲುಬನ್ನು ನೆನೆಯಬೇಕು. ಎಣ್ಣೆ ಹೊಯ್ಯುವಾಗ ಅದು ಸತ್ಯಶುದ್ಧ ಕಾಯಕದಿಂದ ಬಂದುದೇ ಎಂದು ಕೇಳಿಕೊಳ್ಳಬೇಕು. ಹೊತ್ತಿಸುವಾಗ ಗುರುವನ್ನು ಸ್ಮರಿಸಬೇಕು. ಇಂದಿನ ಸಂಜೆ ಮನೆಯಲ್ಲಿ ಇದುವರೆಗೆ ಹಿಂದೆ ನಿಂತ ತಾಯಿಯೋ ಅತ್ತಿಗೆಯೋ ಇದ್ದರೆ ಅವರ ಕೈಯಿಂದಲೇ ಮೊದಲ ಕುಡಿಯನ್ನು ಹೊತ್ತಿಸಬೇಕು. ಆ ಬೆಳಕಿನಲ್ಲಿ ಮನೆಯವರೆಲ್ಲರೂ ಲಿಂಗಪೂಜೆಗೆ ಕುಳಿತರೆ ಹಿತ್ತಾಳೆಯ ದೀಪವು ಅರಿವಿನ ಜ್ಯೋತಿಯಾಗುವುದರಲ್ಲಿ ಸಂದೇಹವಿಲ್ಲ.

ಶಿವಾರ್ಪಣಮಸ್ತು.