ಒಂದು ಸಂಗೀತ ವಾಹಿನಿಯ ಏಳುಬೀಳು



2026ರ ಹೊಸ ವರ್ಷದ ಸಮಯದಲ್ಲಿ 'ಎಂ.ಟಿ.ವಿ. ಮುಚ್ಚಿಹೋಯಿತು' ಎಂಬ ಸುದ್ದಿ ಅನೇಕರ ಫೋನುಗಳಲ್ಲಿ ಹರಿದಾಡಿತು. ಅದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. 2025ರ ಡಿಸೆಂಬರ್ 31ರಂದು ಬ್ರಿಟನ್ನಿನಲ್ಲಿ ನಿಂತುಹೋದದ್ದು ಹಾಡುಗಳಿಗೆಂದೇ ಮೀಸಲಾಗಿದ್ದ ಅದರ ಐದು ವಾಹಿನಿಗಳು. ಮುಖ್ಯ ವಾಹಿನಿ ಉಳಿಯಿತು. ಆದರೆ ಅದರಲ್ಲಿ ಹಾಡು ಎಂದೋ ಹಿಂದೆ ಸರಿದಿತ್ತು. ಹೀಗೇಕಾಯಿತು ಎಂಬುದನ್ನು ತಿಳಿದರೆ ನಮಗೂ ಒಂದು ಪಾಠವಿದೆ.

ಎಂ.ಟಿ.ವಿ. ಹುಟ್ಟಿದ್ದು ಅಮೆರಿಕದಲ್ಲಿ, 1981ರ ಆಗಸ್ಟ್ 1ರಂದು, ನಡುರಾತ್ರಿ ಕಳೆದ ಒಂದು ನಿಮಿಷಕ್ಕೆ. ಅದು ಪ್ರಸಾರ ಮಾಡಿದ ಮೊದಲ ಹಾಡು ಇಂಗ್ಲೆಂಡಿನ ಬಗಲ್ಸ್ ತಂಡದ್ದು. ವಿಡಿಯೋ ಬಂದ ಮೇಲೆ ರೇಡಿಯೋ ಗಾಯಕನ ಕಾಲ ಮುಗಿಯಿತು ಎಂಬುದೇ ಆ ಹಾಡಿನ ವಿಷಯ!

ಇದರ ವ್ಯವಹಾರ ಸರಳವಾಗಿತ್ತು. ರೆಕಾರ್ಡ್ ಕಂಪನಿಗಳು ತಮ್ಮ ಹಾಡುಗಳ ವಿಡಿಯೋಗಳನ್ನು ಹಣ ಕೇಳದೆ ಕೊಡುತ್ತಿದ್ದವು. ನೋಡಿದವರು ರೆಕಾರ್ಡು ಕೊಳ್ಳುತ್ತಿದ್ದರು. ವಾಹಿನಿಗೆ ಜಾಹೀರಾತಿನ ಹಣ ಬರುತ್ತಿತ್ತು. ಯಾವ ಹಾಡು ತೋರಿಸಬೇಕೆಂಬುದು ಮಾತ್ರ ವಾಹಿನಿಯ ಕೈಯಲ್ಲಿತ್ತು. ಈ ಅಧಿಕಾರ ಎಲ್ಲರಿಗೂ ನ್ಯಾಯ ಒದಗಿಸಲಿಲ್ಲ. ಆರಂಭದಲ್ಲಿ ಕಪ್ಪು ಜನಾಂಗದ ಕಲಾವಿದರು ತೀರಾ ಕಡಿಮೆ ಕಾಣುತ್ತಿದ್ದರು. ಗಾಯಕ ಡೇವಿಡ್ ಬೋವಿ 1983ರಲ್ಲಿ ಅದೇ ವಾಹಿನಿಯ ಸಂದರ್ಶನದಲ್ಲಿ ಈ ಬಗ್ಗೆ ನೇರವಾಗಿ ಪ್ರಶ್ನಿಸಿದರು. ಅದೇ ವರ್ಷ ಮೈಕೆಲ್ ಜಾಕ್ಸನ್ನರ ಹಾಡುಗಳು ಬಂದವು. ಜನ ಮತ್ತೆ ಮತ್ತೆ ನೋಡಿದರು.

ನಮ್ಮ ದೇಶಕ್ಕೆ ಈ ವಾಹಿನಿ ಬಂದದ್ದು 1991ರಲ್ಲಿ, ಹಾಂಗ್‌ಕಾಂಗಿನ ಸ್ಟಾರ್ ಟಿ.ವಿ.ಯ ಮೂಲಕ. 1994ರಲ್ಲಿ ಇಬ್ಬರೂ ಬೇರೆಯಾದರು. ಸ್ಟಾರ್ ಸಂಸ್ಥೆ 'ಚಾನೆಲ್ ವಿ' ಆರಂಭಿಸಿತು. 1996ರಲ್ಲಿ ಎಂ.ಟಿ.ವಿ. ಮರಳಿ ಬಂತು. ಇಂಗ್ಲಿಷ್ ಹಾಡುಗಳಿಂದಷ್ಟೇ ಭಾರತದ ಮನೆಗಳನ್ನು ತಲುಪಲಾಗದೆಂದು ಅರಿತು ಹಿಂದಿ ಹಾಡುಗಳಿಗೂ ಜಾಗ ಕೊಟ್ಟಿತು. ನಮ್ಮ ವಯಸ್ಸಿನವರು ಅಲೀಶಾ ಚಿನಾಯ್, ಲಕ್ಕಿ ಅಲಿ ಮುಂತಾದವರ ಸಿನಿಮಾದ್ದಲ್ಲದ ಹಾಡುಗಳನ್ನು ಕಂಡದ್ದು ಇಂಥ ವಾಹಿನಿಗಳಲ್ಲೇ.

ಹಾಗಾದರೆ ಬಿದ್ದದ್ದೇಕೆ? ಹಾಡಿನ ರುಚಿ ಕೆಟ್ಟದ್ದರಿಂದಲ್ಲ. ಹಾಡು ನಾಲ್ಕು ನಿಮಿಷದ್ದು. ಹಿಡಿಸದಿದ್ದರೆ ನೋಡುಗ ಬೇರೆ ವಾಹಿನಿಗೆ ಹೋಗುತ್ತಾನೆ. ಅರ್ಧ ಗಂಟೆಯ ಕಾರ್ಯಕ್ರಮ ಅವನನ್ನು ಕೂರಿಸುತ್ತದೆ. ಅಪರಿಚಿತರನ್ನು ಒಂದೇ ಮನೆಯಲ್ಲಿರಿಸಿ ಚಿತ್ರೀಕರಿಸುವ ಕಾರ್ಯಕ್ರಮವನ್ನು ಎಂ.ಟಿ.ವಿ. 1992ರಲ್ಲೇ ಆರಂಭಿಸಿತು. ಅಂಥವು ಹೆಚ್ಚಿದಂತೆ ಹಾಡು ಮೂಲೆಗೆ ಸರಿಯಿತು. 2005ರಲ್ಲಿ ಯೂಟ್ಯೂಬ್ ಬಂತು. ಬೇಕಾದ ಹಾಡಿಗಾಗಿ ಕಾಯುವ ಅಗತ್ಯವೇ ಇಲ್ಲವಾಯಿತು. 2010ರಲ್ಲಿ ಅಮೆರಿಕದ ಎಂ.ಟಿ.ವಿ. ತನ್ನ ಲಾಂಛನದಿಂದ 'ಸಂಗೀತ ದೂರದರ್ಶನ' ಎಂಬ ಅರ್ಥದ ಮಾತನ್ನೇ ತೆಗೆದುಹಾಕಿತು. ಭಾರತದ ಚಾನೆಲ್ ವಿ 2018ರಲ್ಲಿ ಮುಚ್ಚಿತು. ಕೊನೆಗೆ ಬ್ರಿಟನ್ನಿನ ಎಂ.ಟಿ.ವಿ. ಮ್ಯೂಸಿಕ್ ವಾಹಿನಿ ಬೀಳ್ಕೊಂಡದ್ದು ಅದೇ ಬಗಲ್ಸ್ ತಂಡದ ಹಾಡಿನಿಂದ. ರೇಡಿಯೋವಿಗೆಂದು ಹಾಡಿದ್ದು ವಿಡಿಯೋ ವಾಹಿನಿಗೇ ಅನ್ವಯಿಸಿತು.

ಇದರಿಂದ ನಷ್ಟವೇನು? ಕೇಳಿದ ಹಾಡು ಈಗ ಕ್ಷಣದಲ್ಲಿ ಸಿಗುತ್ತದೆ, ನಿಜ. ಆದರೆ ಕೇಳದೆಯೇ ಕಿವಿಗೆ ಬೀಳುತ್ತಿದ್ದ ಹಾಡು ಕಡಿಮೆಯಾಯಿತು. ಫೋನು ನಾವು ನಿನ್ನೆ ಕೇಳಿದ್ದರಂಥದ್ದನ್ನೇ ಇಂದೂ ಮುಂದಿಡುತ್ತದೆ. ಗಡಿನಾಡಿನ ನಮಗೆ ಇದು ಸಣ್ಣ ಮಾತಲ್ಲ. ಬಾಲ್ಯದಲ್ಲಿ ನಮ್ಮ ಮನೆಯ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಹಚ್ಚಿರುತ್ತಿತ್ತು. ಹಿರಿಯರು ಹಚ್ಚಿದ್ದನ್ನು ನಾವು ಕೇಳುತ್ತಿದ್ದೆವು; ಕನ್ನಡದ ಭಾವಗೀತೆ, ಜಾನಪದ ಗೀತೆಗಳು ಹಾಗೆಯೇ ಕಿವಿಗೆ ಬಿದ್ದವು. ಇಂದು ಮಗು ಕನ್ನಡದ ಹಾಡನ್ನು ತಾನಾಗಿ ಹುಡುಕದಿದ್ದರೆ, ಫೋನು ಅದನ್ನು ತಂದುಕೊಡುವುದೆಂದು ನಂಬುವಂತಿಲ್ಲ. ಹೆಸರೇ ಗೊತ್ತಿಲ್ಲದ್ದನ್ನು ಹುಡುಕುವುದಾದರೂ ಹೇಗೆ?

ಆದ್ದರಿಂದ ಪಾಲಕರಲ್ಲಿ ನಮ್ಮ ವಿನಂತಿ: ದಿನಕ್ಕೊಂದು ಕನ್ನಡ ಹಾಡು ಮಕ್ಕಳ ಕಿವಿಗೆ ಬೀಳಲಿ. ಬೀಸುವಾಗಿನ ಪದ, ಸೋಬಾನೆ ಪದ, ರಾಶಿಯ ಕಣದ ಹಂತಿ ಪದಗಳು ಯಾವ ವಾಹಿನಿಯನ್ನೂ ನಂಬಿ ಬದುಕಿದವಲ್ಲ. ಒಬ್ಬರ ಬಾಯಿಂದ ಮತ್ತೊಬ್ಬರ ಕಿವಿಗೆ ಬಂದವು. ವಾಹಿನಿ ಮುಚ್ಚಿದರೂ ಅದರ ಹಾಡು ಬೇರೆಡೆ ದಾಖಲಾಗಿರುತ್ತದೆ. ಬರೆದಿಡದ ಪದವಾದರೋ ಹಾಡುವವರೊಡನೆಯೇ ಹೋಗುತ್ತದೆ.

ಅಭ್ಯಾಸ

1. ಎಂ.ಟಿ.ವಿ.ಯಲ್ಲಿ ಹಾಡು ಹಿಂದೆ ಸರಿಯಲು ಎರಡು ಕಾರಣಗಳನ್ನು ಬರೆಯಿರಿ.

2. 'ಎಂ.ಟಿ.ವಿ. ಮುಚ್ಚಿಹೋಯಿತು' ಎಂಬ ಸುದ್ದಿಯಲ್ಲಿ ನಿಜವೆಷ್ಟು, ತಪ್ಪೆಷ್ಟು?

3. ನಿಮ್ಮ ಅಜ್ಜಿಗೋ ನೆರೆಮನೆಯ ಹಿರಿಯರಿಗೋ ಬರುವ ಒಂದು ಪದವನ್ನು ಕೇಳಿ, ಅವರಾಡಿದಂತೆಯೇ ಬರೆದು ತನ್ನಿರಿ. ತಿದ್ದಬೇಡಿರಿ.